ಅಪ್ಪ-ಅವ್ವನ ಜೊತೆ ಕೆರೆ ದಂಡೆಗೆ: ಹಕ್ಕಿ ನೋಡುವವರ ಪ್ರಶ್ನೆಗಳಿಗೆ ಉತ್ತರ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಕಾಗದಗಳೂ ಹೆಚ್ಚುತ್ತವೆ. ಈ ಸಲದ ಪ್ರಶ್ನೆಗಳಲ್ಲಿ ಬಹುಪಾಲು, ವಯಸ್ಸಾದ ತಂದೆ-ತಾಯಿಯನ್ನು ಹಕ್ಕಿ ನೋಡಲು ಕರೆದೊಯ್ಯುವವರದು. ಒಂದೇ ವಿಷಯ ಕೇಳಿದ ಕಾಗದಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಪ್ಪನಿಗೆ 71. ಬಲ ಮೊಣಕಾಲು ನೋವು, ಬಿ.ಪಿ. ಮಾತ್ರೆ ನಡೆದಿದೆ. ಹುಬ್ಬಳ್ಳಿಯಿಂದ ಮಾಗಡಿಗೆ ಒಂದು ದಿನದ ಮಟ್ಟಿಗೆ ಹೋಗಿಬರಬೇಕು. ಯಾವಾಗ ಹೊರಡಬೇಕು, ಎಷ್ಟು ನಡೆಯಬೇಕಾಗುತ್ತದೆ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾಗಡಿಯಲ್ಲಿ ನಡೆಯುವ ಕೆಲಸ ಕಡಿಮೆ, ಕೂರುವ ಕೆಲಸ ಹೆಚ್ಚು. ಅದಕ್ಕೇ ಹಿರಿಯರಿಗೆ ಕಾಡಿಗಿಂತ ಕೆರೆ ವಾಸಿ ಎನ್ನುತ್ತೇವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ದನಿಗಳನ್ನು. ಎಲೆ ಮರೆಯ ಪುಟ್ಟ ಹಕ್ಕಿಯನ್ನು ದನಿಯಿಂದಲೇ ಹುಡುಕಬೇಕು, ಅದು ಅವರಿಗೆ ಕೇಳುವುದಿಲ್ಲ. ಪಕ್ಕದಲ್ಲಿ ನಿಂತ ಮಗ "ಅಗೋ ಅಗೋ" ಎನ್ನುತ್ತಿದ್ದರೆ ಬೇಸರವಷ್ಟೇ ಉಳಿಯುತ್ತದೆ. ಕೆರೆಯಲ್ಲಿ ಹಾಗಲ್ಲ. ಹಕ್ಕಿ ದೊಡ್ಡದು, ಬಯಲಲ್ಲಿರುತ್ತದೆ, ಗಂಟೆಗಟ್ಟಲೆ ಒಂದೇ ಕಡೆ ಕೂತಿರುತ್ತದೆ.

ಹೆಬ್ಬಾತುಗಳು ನವೆಂಬರ್ ಸುಮಾರಿಗೆ ಬಂದು ಮಾರ್ಚ್ ಹೊತ್ತಿಗೆ ಮರಳುತ್ತವೆ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದ ತನಕ ಭರವಸೆಯ ಕಾಲ. ಮಾಗಡಿ ಇರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ. ಗದಗಿನಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ. ಆಸುಪಾಸು. ಹುಬ್ಬಳ್ಳಿಯಿಂದ ಬೆಳಗಿನ 5.30ಕ್ಕೆ ಕಾರು ಬಿಟ್ಟರೆ 7.30ರ ಒಳಗೆ ದಂಡೆಯಲ್ಲಿರಬಹುದು. ನಸುಕಿಗೇ ತಲುಪುವ ಹಟ ಬೇಡ. ಈ ಹಕ್ಕಿ ಮಬ್ಬುಗತ್ತಲಲ್ಲಿ, ಸಂಜೆಗೆ ಹೊಲಗಳಲ್ಲಿ ಮೇಯುತ್ತದೆ. ಬಿಸಿಲೇರಿದ ಮೇಲೆ ನೀರಿಗೋ ದಂಡೆಗೋ ಬಂದು ವಿಶ್ರಮಿಸುತ್ತದೆ. ಎಂಟು ಗಂಟೆಗೆ ಹೋದವರಿಗೂ ಅದು ಸಿಗುತ್ತದೆ. ಹತ್ತರ ನಂತರ ಕೆಡುವುದು ನೋಟ. ಕಾದ ನೆಲದಿಂದ ಗಾಳಿ ಮೇಲೇಳುತ್ತ ನಡುಗುತ್ತದೆ, ದುರ್ಬೀನಿನಲ್ಲಿ ಹಕ್ಕಿಯ ಅಂಚು ಅಲುಗಾಡುತ್ತದೆ. ಎಷ್ಟು ದುಬಾರಿ ದುರ್ಬೀನು ಕೊಂಡರೂ ಇದಕ್ಕೆ ಮದ್ದಿಲ್ಲ.

ಕೂರುವ ಜಾಗವನ್ನು ಸೂರ್ಯನನ್ನು ನೋಡಿ ಆರಿಸಿ. ಬೆಳಿಗ್ಗೆ ಕೆರೆಯ ಮೂಡಣ ಬದಿಗೆ ಕೂತು ಪಡುವಣಕ್ಕೆ ನೋಡಿದರೆ ಬಿಸಿಲು ಬೆನ್ನಿಗೆ, ಬಣ್ಣ ಕಣ್ಣಿಗೆ. ಎದುರು ದಂಡೆಯಿಂದ ನೋಡಿದವರಿಗೆ ಅದೇ ಹಕ್ಕಿ ಕರಿ ನೆರಳಾಗಿ ಕಾಣುತ್ತದೆ. "ಬಾತಿನ ತಲೆ ಮೇಲೆ ಪಟ್ಟೆಯೇ ಇಲ್ಲ" ಎಂದು ದೂರುವವರಲ್ಲಿ ಅರ್ಧದಷ್ಟು ಮಂದಿ ತಪ್ಪು ದಂಡೆಯಲ್ಲಿ ನಿಂತವರು.

ನಡಿಗೆಯ ಲೆಕ್ಕ ಹೀಗಿರಲಿ: ಅಪ್ಪ ಊರಲ್ಲಿ ದಿನಾ ನಡೆಯುವ ದೂರದ ಮುಕ್ಕಾಲು ಪಾಲು ಸಾಕು. ಡಾಂಬರಿನ ಒಂದು ಕಿಲೋಮೀಟರಿಗೂ ಹೊಲದ ಬದುವಿನ ಒಂದು ಕಿಲೋಮೀಟರಿಗೂ ಬಹಳ ಅಂತರವಿದೆ. ನೋವು ಬಲ ಮೊಣಕಾಲಿಗಾದರೆ ಊರುಗೋಲು ಎಡಗೈಯಲ್ಲಿರಬೇಕು. ಎಲ್ಲರೂ ಹಿಡಿಯುವುದು ಇದಕ್ಕೆ ಉಲ್ಟಾ. ಕೋಲಿನ ಎತ್ತರ, ತೋಳನ್ನು ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಬರುವಷ್ಟು. ಕೆರೆಯ ಏರಿ ಹತ್ತುವಾಗ ಏನೂ ಎನ್ನದ ಮೊಣಕಾಲು ಇಳಿಯುವಾಗ ನೋಯುತ್ತದೆ. ಆದ್ದರಿಂದ ಇಳಿಜಾರನ್ನು ಓರೆಯಾಗಿ, ಚಿಕ್ಕ ಹೆಜ್ಜೆಯಲ್ಲಿ ಇಳಿಸಿ. ಅಪ್ಪ ಎರಡು ನಂಬರಿನ ಕನ್ನಡಕ ಹಾಕುವವರಾದರೆ ಇನ್ನೊಂದು ಎಚ್ಚರಿಕೆ ಇದೆ. ಕೆಳಗೆ ನೋಡಿದಾಗ ಓದುವ ಭಾಗದಿಂದ ನೆಲ ಮಸುಕಾಗಿ ಕಾಣುತ್ತದೆ, ಕಲ್ಲು ಎಡವುತ್ತಾರೆ. ದೂರದ ನೋಟಕ್ಕಷ್ಟೇ ಇರುವ ಹಳೆಯ ಕನ್ನಡಕವಿದ್ದರೆ ಅವತ್ತು ಅದನ್ನೇ ಹಾಕಿಸಿ.

ಮಳೆ ಬಿದ್ದ ಎರಡು ಮೂರು ದಿನ ಆ ಕಡೆ ಹೋಗಲೇಬೇಡಿ. ಎರೆ ಮಣ್ಣು ಹೆಜ್ಜೆಗೊಂದು ಪದರ ಬೂಟಿಗೆ ಅಂಟುತ್ತ ಹೋಗಿ, ಕಾಲೆತ್ತುವುದೇ ಶಿಕ್ಷೆಯಾಗುತ್ತದೆ. ಅಟ್ಟೆಯ ಗೀರು ತುಂಬಿಕೊಂಡರೆ ಜಾರುವುದೂ ಖಂಡಿತ.

ಕುರ್ಚಿ ಒಯ್ಯಿರಿ. ಮಡಚುವ ಮೂರು ಕಾಲಿನ ಸ್ಟೂಲು ಒಂದಡಿ ಎತ್ತರದ್ದು, ಕೂತವರು ಏಳಲಾರರು. ಕೂರುವ ಹಲಗೆ ನೆಲದಿಂದ ಒಂದೂವರೆ ಅಡಿ ಇರಲಿ, ಬೆನ್ನಿಗೆ ಆಸರೆ ಇರಲಿ.

ಪ್ರಶ್ನೆ: ಅಪ್ಪನಿಗೆ ದುರ್ಬೀನು ಕೊಡಿಸಬೇಕು. ಕನ್ನಡಕ ಇದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ. ಅಂಗಡಿಯವರು "20 × 50 ತಗೊಳ್ಳಿ, ಎಲ್ಲಾ ಹತ್ತಿರ ಕಾಣುತ್ತೆ" ಅಂತಾರೆ. ಸರಿಯೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಬೇಡವೇ ಬೇಡ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಕೈಯ ನಡುಕವೂ ಇಪ್ಪತ್ತು ಪಟ್ಟು ಹಿಗ್ಗುತ್ತದೆ. ನೋಟದ ವ್ಯಾಪ್ತಿ ಕಿರಿದಾಗಿ ಹಕ್ಕಿಯೇ ಸಿಗುವುದಿಲ್ಲ. ಹಿರಿಯರಿಗೆ ಎಂಟು ಪಟ್ಟೇ ಸರಿ.

ಈಗ ಎರಡನೆಯ ಅಂಕಿ. ಅದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲುಪುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 8 × 42ಕ್ಕೆ 5.25 ಮಿ.ಮೀ., 8 × 32ಕ್ಕೆ 4, 20 × 50ಕ್ಕೆ ಬರೀ 2.5. ಎಳೆಯರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ. ತನಕ ಹಿಗ್ಗಬಲ್ಲದು. ವಯಸ್ಸಾದಂತೆ ಹಿಗ್ಗುವುದು ಕಡಿಮೆಯಾಗುತ್ತದೆ, ಹಗಲಲ್ಲಂತೂ ಇನ್ನೂ ಚಿಕ್ಕದು. ಅಂದರೆ ದೊಡ್ಡ ಮಸೂರದ ಹೆಚ್ಚುವರಿ ಬೆಳಕು ಅಪ್ಪನ ಕಣ್ಣೊಳಗೆ ಹೋಗುವುದೇ ಇಲ್ಲ. ಭಾರ ಮಾತ್ರ ಕೊರಳಿಗೆ. 42ರ ದುರ್ಬೀನು ಸಾಮಾನ್ಯವಾಗಿ 600–700 ಗ್ರಾಂ ತೂಗುತ್ತದೆ, 32ರದು ಅದಕ್ಕಿಂತ ಹಗುರ. ಹಗಲು ಕೆರೆ ನೋಡಲು 8 × 32 ಸಾಕು. ಮನೆಯಲ್ಲಿ ನೀವೂ ಬಳಸುವುದಾದರೆ 8 × 42. ಕೊರಳಿಗೆ ಹಾಕುವ ಪಟ್ಟಿಯ ಬದಲು ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿ ಸಿಗುತ್ತದೆ. ಕುತ್ತಿಗೆ ನೋವಿನವರಿಗೆ ಅದಿಲ್ಲದೆ ಆಗದು.

ಕನ್ನಡಕದವರು ಕೇಳಿ ತಿಳಿಯಬೇಕಾದ ಇನ್ನೊಂದು ಅಂಕಿ, ಐ ರಿಲೀಫ್: ಪೂರ್ತಿ ನೋಟ ಕಾಣುವಂತೆ ಕಣ್ಣನ್ನು ಹಿಂಬದಿಯ ಮಸೂರದಿಂದ ಎಷ್ಟು ದೂರ ಇಡಬಹುದು ಎಂಬುದು. 15 ಮಿ.ಮೀ.ಗಿಂತ ಕಡಿಮೆಯಿದ್ದರೆ ನೋಟದ ಸುತ್ತ ಕರಿ ಉಂಗುರ ಕಾಣುತ್ತದೆ. ಕಣ್ಣಿಗೊತ್ತುವ ರಬ್ಬರ್ ಬಟ್ಟಲನ್ನು ಕನ್ನಡಕದವರು ಪೂರ್ತಿ ಒಳಗೆ ತಿರುಗಿಸಿಕೊಳ್ಳಬೇಕು, ಕನ್ನಡಕ ಇಲ್ಲದವರು ಹೊರಗೆ. ಒಂದೇ ದುರ್ಬೀನನ್ನು ಅಪ್ಪ-ಮಗ ಹಂಚಿಕೊಂಡಾಗ ಕೈ ಬದಲಾದಂತೆ ಇದೂ ಬದಲಾಗಬೇಕು. ಯಾರೂ ಬದಲಿಸುವುದಿಲ್ಲ.

ಒಂದು ಕಣ್ಣಿಗೆ ಪೊರೆ ತೆಗೆದಿದ್ದರೆ ಎರಡೂ ಕಣ್ಣಿನ ನೋಟ ಒಂದೇ ಆಗಿರುವುದಿಲ್ಲ. ಅದನ್ನು ಸರಿತೂಗಿಸುವ ಉಂಗುರ ಸಾಮಾನ್ಯವಾಗಿ ಬಲಗಡೆಯ ಕಣ್ಣಿನ ಬಳಿ ಇರುತ್ತದೆ. ಐವತ್ತು ಮೀಟರ್ ಆಚೆಯ ಬೋರ್ಡಿನ ಅಕ್ಷರ ಆರಿಸಿಕೊಳ್ಳಿ. ಬಲ ಮಸೂರಕ್ಕೆ ಅಂಗೈ ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೊಕ್ಕ ಮಾಡಿ. ಆಮೇಲೆ ಎಡ ಮಸೂರ ಮುಚ್ಚಿ. ಗಾಲಿ ಮುಟ್ಟದೆ ಉಂಗುರವನ್ನಷ್ಟೇ ತಿರುಗಿಸಿ ಬಲಗಣ್ಣಿಗೆ ಚೊಕ್ಕ ಮಾಡಿ. ಉಂಗುರದ ಗುರುತು ಎಲ್ಲಿ ನಿಂತಿತೋ ಅಲ್ಲೊಂದು ಚುಕ್ಕಿ ಹಾಕಿಡಿ. ಕಣ್ಣು ಮುಚ್ಚುವ ಬದಲು ಮಸೂರವನ್ನೇ ಮುಚ್ಚಿ ಎಂದದ್ದಕ್ಕೆ ಕಾರಣವಿದೆ: ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಕಿರಿದಾಗಿ ಅಳತೆ ತಪ್ಪುತ್ತದೆ.

ಹಕ್ಕಿಯನ್ನು ದುರ್ಬೀನಿನೊಳಗೆ ಹಿಡಿಯುವುದು ಹೊಸಬರಿಗೆ ಕಷ್ಟ. ಬರಿಗಣ್ಣನ್ನು ಹಕ್ಕಿಯ ಮೇಲಿಂದ ಕೀಳದೆ, ದುರ್ಬೀನನ್ನೇ ಕಣ್ಣಿಗೆ ತರಬೇಕು. ತಲೆ ತಗ್ಗಿಸಿ ದುರ್ಬೀನು ನೋಡಿ ಮತ್ತೆ ಎತ್ತಿದರೆ ಹಕ್ಕಿ ಹೋಯಿತು. ಅಪ್ಪನಿಗೆ ತೋರಿಸುವಾಗ ಬೆರಳು ಚಾಚಿ ಪ್ರಯೋಜನವಿಲ್ಲ, ನಿಮ್ಮ ಬೆರಳಿನ ಗೆರೆ ಅವರ ಕಣ್ಣಿಗೆ ಬೇರೆ ಕಡೆ ಹೋಗುತ್ತದೆ. "ಒಣಗಿದ ಜಾಲಿ ಕಾಣ್ತದಲ್ಲ, ಅದರ ಬುಡದಿಂದ ಎಡಕ್ಕೆ ಒಂದು ಮುಷ್ಟಿ" ಎನ್ನಿ. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಎಂಟು ಪಟ್ಟಿನ ದುರ್ಬೀನಿನ ನೋಟ ಅದಕ್ಕಿಂತ ತುಸು ಕಡಿಮೆ. ಈ ಅಳತೆ ಇಬ್ಬರಿಗೂ ಒಂದೇ.

ಪ್ರಶ್ನೆ: ನಮ್ಮವ್ವಗ ಶುಗರ್ ಐತ್ರಿ, ಬಿ.ಪಿ.ನೂ ಐತಿ. ಹಕ್ಕಿ ನೋಡಾಕ ಬರ್ತೀನಿ ಅಂತಾಳ, ಆದ್ರ ಹೊರಗ ಹೋದ್ರ ನೀರ ಕುಡಿಯಂಗಿಲ್ಲ. ಏನ್ ಮಾಡೂಣು?
— ಓದುಗರು, ಮುಳಗುಂದ, ಗದಗ ಜಿಲ್ಲೆ

ಉತ್ತರ: ನೀರು ಕುಡಿಯದಿರುವುದಕ್ಕೆ ಬಾಯಾರಿಕೆ ಇಲ್ಲದ್ದು ಕಾರಣವಲ್ಲ, ಶೌಚಾಲಯದ ಚಿಂತೆ ಕಾರಣ. ಕೆರೆ ದಂಡೆಯಲ್ಲಿ ಹೆಣ್ಣುಮಕ್ಕಳಿಗೆ ಮರೆಯೂ ಇರುವುದಿಲ್ಲ. ಅದಕ್ಕೆ ಮೊದಲೇ ದಾರಿ ಮಾಡಿಟ್ಟು ಹೇಳಿ: ಹೋಗುವಾಗ ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ಒಮ್ಮೆ ನಿಲ್ಲುತ್ತೇವೆ, ಹತ್ತು ಗಂಟೆಗೆ ಮತ್ತೆ ಅಲ್ಲಿಗೇ ಬರುತ್ತೇವೆ. ನಡುವಿನ ಎರಡೂವರೆ ತಾಸು ಎಂದು ಗೊತ್ತಾದರೆ ಧೈರ್ಯವಾಗಿ ಕುಡಿಯುತ್ತಾರೆ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಅವತ್ತು ಅದನ್ನು ತಪ್ಪಿಸಬೇಡಿ. ತೆಗೆದುಕೊಳ್ಳುವ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಶುಗರಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ಮುಂದೂಡುವುದೇ ಇಂಥ ಬೆಳಗಿನ ಪ್ರಯಾಣದ ದೊಡ್ಡ ಅಪಾಯ. "ಹಕ್ಕಿ ನೋಡಿ ಆಮೇಲೆ ತಿಂದರಾಯಿತು" ಎನ್ನುವಂತಿಲ್ಲ. ಮೈ ನಡುಗಿ, ಬೆವರು ಬಂದು, ಮಾತು ತೊದಲಿದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷಕ್ಕೆ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಸುಧಾರಿಸಿಕೊಂಡ ಮೇಲೆ ಒಂದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇವು ಬೆಳಗಿನ ಬುತ್ತಿಗೂ ಆಗುತ್ತವೆ, ಕೆಡುವುದಿಲ್ಲ. ಒ.ಆರ್.ಎಸ್. ಪೊಟ್ಟಣವನ್ನು ಸುಮ್ಮನೆ ಕುಡಿಸುವ ರೂಢಿ ಬಿಡಿ. ಅದರಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇದೆ. ನಿಮ್ಮವ್ವನಿಗೆ ಎರಡೂ ಬೇಡವಾದವು. ಚಳಿಗಾಲದ ಅರ್ಧ ದಿನಕ್ಕೆ ನೀರು, ತೆಳು ಮಜ್ಜಿಗೆ ಸಾಕು.

ಪ್ರಶ್ನೆ: ಮಾಗಡಿಯ ಹೆಬ್ಬಾತುಗಳಲ್ಲಿ ಕೆಲವಕ್ಕೆ ತಲೆಯ ಪಟ್ಟೆ ಇಲ್ಲ. ಇದು ಬೇರೆ ಜಾತಿಯೇ? ಕೆಂಪು ಮಣ್ಣಿನ ಬಣ್ಣದ ಬಾತೂ ಇತ್ತು.
— ಓದುಗರು, ಲಕ್ಷ್ಮೇಶ್ವರ

ಉತ್ತರ: ನೀವು ಸರಿಯಾದ ದಂಡೆಯಲ್ಲೇ ಕೂತಿದ್ದಿರಿ ಎಂದುಕೊಂಡು ಹೇಳುವುದಾದರೆ, ಅವು ಅದೇ ವರ್ಷ ಹುಟ್ಟಿದ ಮರಿಗಳು. ಬೆಳೆದ ಪಟ್ಟೆತಲೆ ಹೆಬ್ಬಾತಿಗೆ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕರಿ ಪಟ್ಟೆ: ಮೇಲಿನದು ಕಣ್ಣಿಂದ ಕಣ್ಣಿಗೆ ನೆತ್ತಿಯ ಹಿಂದೆ ಬಳಸಿದ್ದು, ಕೆಳಗಿನದು ಅದಕ್ಕಿಂತ ಗಿಡ್ಡ. ಕತ್ತಿನ ಹಿಂಭಾಗ ಕಪ್ಪು-ಬೂದು, ಅದರ ಎರಡೂ ಪಕ್ಕ ಉದ್ದಕ್ಕೆ ಬಿಳಿ ಗೆರೆ. ಕೊಕ್ಕು, ಕಾಲು ಹಳದಿ-ಕಿತ್ತಳೆ. ಕೊಕ್ಕಿನ ತುದಿ ಕರಿ. ಮರಿಗೆ ಈ ಎರಡು ಪಟ್ಟೆಗಳಿಲ್ಲ. ನೆತ್ತಿಯಿಂದ ಕತ್ತಿನ ಹಿಂದಕ್ಕೆ ಒಂದೇ ಮಾಸಲು ಕಪ್ಪು ಇಳಿದಿರುತ್ತದೆ, ಮುಖ ಮಾತ್ರ ಬಿಳಿ. ಮೊದಲ ಚಳಿಗಾಲವನ್ನು ಮರಿಗಳು ತಂದೆ-ತಾಯಿಯ ಜೊತೆಯಲ್ಲೇ ಕಳೆಯುತ್ತವೆ. ಆದ್ದರಿಂದ ಪಟ್ಟೆಯಿಲ್ಲದ ಎರಡು ಮೂರು ಹಕ್ಕಿ ಕಂಡರೆ ಅವುಗಳ ಸುತ್ತ ನೋಡಿ. ಕತ್ತೆತ್ತಿ ಕಾವಲು ನಿಂತ ಜೋಡಿ ಅಲ್ಲೇ ಇರುತ್ತದೆ. ದೊಡ್ಡ ಹಿಂಡೆಂದು ಕಾಣುವುದು ಬಹುಮಟ್ಟಿಗೆ ಇಂಥ ಸಂಸಾರಗಳ ಜಾತ್ರೆ.

ಕೆಂಪು ಮಣ್ಣಿನ ಬಣ್ಣದ್ದು ಬ್ರಾಹ್ಮಿಣಿ ಬಾತು. ಮೈಯೆಲ್ಲ ಕಿತ್ತಳೆ-ಕಂದು, ತಲೆ ತಿಳಿ, ಹಾರಿದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿ. ತಪ್ಪುವ ಮಾತೇ ಇಲ್ಲ. ಕೊರಳಲ್ಲಿ ಅಕ್ಷರವಿರುವ ಬಣ್ಣದ ಪಟ್ಟಿ ಇರುವ ಹೆಬ್ಬಾತು ಕಂಡರೆ ಬಣ್ಣ, ಅಕ್ಷರ, ಅಂಕಿ ಮೂರನ್ನೂ ಬರೆದುಕೊಂಡು ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು.

ಪ್ರಶ್ನೆ: ನಾನು ಎಣಿಸಿದರೆ 600, ತಂದೆಯವರು 2,000 ಅನ್ನುತ್ತಾರೆ. ಹಿಂಡನ್ನು ಎಣಿಸುವುದು ಹೇಗೆ?
— ಶಿಕ್ಷಕರು, ಹಾವೇರಿ

ಉತ್ತರ: ಸಾಮಾನ್ಯವಾಗಿ ಕಣ್ಣಂದಾಜು ದೊಡ್ಡ ಹಿಂಡನ್ನು ಕಡಿಮೆ ಎಣಿಸುತ್ತದೆ. ಹಾಗಾಗಿ ತಂದೆಯವರನ್ನು ಇಷ್ಟು ಬೇಗ ತಳ್ಳಿಹಾಕಬೇಡಿ.

ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಬಿಡಿಯಾಗಿ ಎಣಿಸಿ. ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿದವು ಎಂದು ಮನಸ್ಸಿನಲ್ಲಿ ಹಿಡಿಯಿರಿ. ಅಂಥ ಹತ್ತರ ಐದು ತುಂಡು ಸೇರಿಸಿ ಐವತ್ತರ ತುಂಡು ಮಾಡಿ. ಈಗ ಅದೇ ಅಳತೆಯಲ್ಲಿ ಹಿಂಡಿನುದ್ದಕ್ಕೂ ಸಾಗಿ. ಎಡವುವುದು ಎರಡು ಕಡೆ. ಮೊದಲನೆಯದು, ಹಿಂಡು ದಂಡೆಯ ಬಳಿ ದಟ್ಟ, ನೀರಿನ ಕಡೆ ವಿರಳ. ಒಂದೇ ಅಳತೆ ಎರಡಕ್ಕೂ ಹೊಂದುವುದಿಲ್ಲ, ದಟ್ಟ ಭಾಗಕ್ಕೆ ಬಂದಾಗ ಹತ್ತನ್ನು ಹೊಸದಾಗಿ ಎಣಿಸಿಕೊಳ್ಳಬೇಕು. ಎರಡನೆಯದು, ತಗ್ಗು ದಂಡೆಯಿಂದ ನೋಡಿದರೆ ಮುಂದಿನ ಹಕ್ಕಿ ಹಿಂದಿನದನ್ನು ಮರೆಮಾಡುತ್ತದೆ. ಎರಡು ಮೀಟರ್ ಎತ್ತರದಲ್ಲಿ ನಿಂತವರಿಗೂ ಕೂತವರಿಗೂ ಬರುವ ಅಂಕಿ ಬೇರೆಯೇ. ಬಹುಶಃ ನಿಮ್ಮ ಜಗಳದ ಮೂಲ ಅದೇ: ಒಬ್ಬರು ಏರಿಯ ಮೇಲಿದ್ದರು, ಇನ್ನೊಬ್ಬರು ಕೆಳಗೆ.

ಇಬ್ಬರೂ ಬೇರೆ ಬೇರೆ ಎಣಿಸಿ, ಒಬ್ಬರಿಗೊಬ್ಬರು ಹೇಳದೆ ಬರೆದುಕೊಂಡು, ಆಮೇಲೆ ಹೋಲಿಸಿ. ಒಬ್ಬರಿಗೆ ನೂರಿಪ್ಪತ್ತು, ಇನ್ನೊಬ್ಬರಿಗೆ ನೂರೈವತ್ತು ಬಂದರೆ ಅದು ಸಹಜ. ಒಂದಕ್ಕೆ ಮೂರರ ಅಂತರವಿದ್ದರೆ ಮತ್ತೆ ಎಣಿಸಬೇಕು. ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದಿಡುವ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸುವಾಗ "ತುಂಬಾ" ಎಂದೋ ಅಡ್ಡ ಗುರುತೋ ಹಾಕಬೇಡಿ. ಅಂದಾಜಿನ ಅಂಕಿಯಾದರೂ ಇರಲಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, ಮಕ್ಕಳನ್ನು ಕರೆದೊಯ್ಯಲು ಅದು ಒಳ್ಳೆಯ ನೆವ.

ಪ್ರಶ್ನೆ: ತಂದೆಯವರಿಗೆ 66, ಆರೋಗ್ಯ ಚೆನ್ನಾಗಿದೆ. ಮಾಗಡಿಯ ಹೆಬ್ಬಾತು ಮರಿ ಮಾಡುವ ಹಿಮಾಲಯದ ಸರೋವರವನ್ನು ಒಮ್ಮೆ ನೋಡಬೇಕೆಂಬ ಆಸೆ ಅವರದು. ಒಂದು ದಿನದ ಚಾರಣದಲ್ಲಿ ಆಗುತ್ತದೆಯೇ?
— ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಈ ಆಸೆಯಲ್ಲಿ ಎರಡು ಬೇರೆ ಪ್ರವಾಸಗಳಿವೆ, ಬಿಡಿಸಿ ನೋಡೋಣ.

ಹೆಬ್ಬಾತು ಮರಿ ಮಾಡುವುದು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ: ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್, ನಮ್ಮ ಲಡಾಖ್. ಲಡಾಖಿನಲ್ಲಿ ತ್ಸೋ ಮೊರಿರಿ ಮತ್ತು ತ್ಸೋ ಕರ್ ಹೆಸರಾದವು, ಎರಡೂ ಸುಮಾರು 4,500 ಮೀಟರ್ ಎತ್ತರದಲ್ಲಿ. ತ್ಸೋ ಮೊರಿರಿ 2002ರಲ್ಲಿ, ತ್ಸೋ ಕರ್ 2020ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ ಸೇರಿದವು. ನಮ್ಮ ಮಾಗಡಿ ಅದೇ ಪಟ್ಟಿಗೆ ಬಂದದ್ದು 2024ರಲ್ಲಿ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಜೂನ್-ಜುಲೈಯಲ್ಲಿ ಹೋದರೆ ಮರಿಗಳ ಹಿಂದೆ ಈಜುವ ಜೋಡಿ ಕಾಣಬಹುದು. ತ್ಸೋ ಕರ್ ಸುತ್ತ ಕರಿಕತ್ತಿನ ಕ್ರೌಂಚವೂ ಇದೆ. ಇಲ್ಲಿ ಚಾರಣ ಬೇಕಿಲ್ಲ, ದಂಡೆಯ ಹತ್ತಿರಕ್ಕೆ ವಾಹನ ಹೋಗುತ್ತದೆ. ಕಷ್ಟ ಕೊಡುವುದು ಗಾಳಿ. 4,500 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ. 60ಕ್ಕಿಂತ ಕಡಿಮೆ. ಹುಬ್ಬಳ್ಳಿಯ ಎತ್ತರ 640 ಮೀಟರ್ ಆಸುಪಾಸು. ವಿಮಾನದಲ್ಲಿ ಲೇಹ್‌ಗೆ ಇಳಿದರೆ ಅರ್ಧ ದಿನದಲ್ಲೇ 3,500ಕ್ಕೆ ಏರಿದಂತೆ.

ಲೇಹ್‌ನಲ್ಲಿ ಮೂರು ರಾತ್ರಿ ಇರಿ, ಮೊದಲ 48 ಗಂಟೆ ಪೂರ್ತಿ ವಿಶ್ರಾಂತಿ. ಮೊದಲ ದಿನ ಹುಮ್ಮಸ್ಸಿರುತ್ತದೆ, ಮಾರುಕಟ್ಟೆ ಸುತ್ತೋಣ ಎನಿಸುತ್ತದೆ. ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ. ನಾಲ್ಕನೆಯ ದಿನ ಸಿಂಧೂ ದಂಡೆಯ ಚುಮಾಥಂಗ್‌ಗೆ ಹೋಗಿ ಮಲಗಿ, ಅದು ಸುಮಾರು 4,000 ಮೀಟರ್. ಮರುದಿನ ಬೆಳಿಗ್ಗೆ ತ್ಸೋ ಮೊರಿರಿಗೆ ಹೋಗಿ, ನಾಲ್ಕೈದು ತಾಸು ದಂಡೆಯಲ್ಲಿದ್ದು, ಮಲಗಲು ಮತ್ತೆ ಚುಮಾಥಂಗ್‌ಗೇ ಇಳಿಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ನಿಯಮ. ಲೇಹ್‌ನಿಂದ ನೇರ ತ್ಸೋ ಮೊರಿರಿಯ ಡೇರೆಗೆ ಕರೆದೊಯ್ಯುವ ಪ್ಯಾಕೇಜುಗಳು ಒಂದೇ ಏಟಿಗೆ ಸಾವಿರ ಮೀಟರ್ ಏರಿಸುತ್ತವೆ. ಹಿರಿಯರಿದ್ದಾಗ ಅಂಥದ್ದಕ್ಕೆ ದುಡ್ಡು ಕೊಡಬೇಡಿ.

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಅಥವಾ ನಿದ್ದೆಗೇಡು ಸೇರಿದರೆ ಇನ್ನು ಮೇಲೇರುವಂತಿಲ್ಲ. ಕೂತಲ್ಲೇ ಏದುಸಿರು, ಕೆಮ್ಮು, ಮಾತಿನಲ್ಲಿ ಗೊಂದಲ, ನೇರ ಗೆರೆಯಲ್ಲಿ ನಡೆಯಲಾಗದಿರುವುದು — ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಕೆಳಗಿಳಿಸಬೇಕು. ತಡೆಗಟ್ಟಲು ಅಸಿಟಾಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಆಗಿಬರುವುದಿಲ್ಲ, ವೈದ್ಯರ ಚೀಟಿ ಇಲ್ಲದೆ ಬೇಡ. ದಿನಾ ವಾಕಿಂಗ್ ಮಾಡುವವರಿಗೆ ಏನಾಗುತ್ತದೆ ಎಂಬ ಧೈರ್ಯವೂ ಬೇಡ. ಗಟ್ಟಿಮುಟ್ಟಾದವರೇ ಬೇಗ ಏರಿ ಬೇಗ ಬೀಳುತ್ತಾರೆ.

ಇನ್ನು ಚಾರಣದ ಆಸೆ. ಉತ್ತರಾಖಂಡದ ದೇವರಿಯಾ ತಾಲ್ ಆದೀತು. ಊಖೀಮಠದ ಬಳಿಯ ಸಾರಿ ಹಳ್ಳಿಯಿಂದ ಸುಮಾರು ಮೂರು ಕಿಲೋಮೀಟರ್ ಏರು, ಸರೋವರ 2,400 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500ರ ನಂತರ, ಹಾಗಾಗಿ ಒಂದು ದಿನಕ್ಕೆ ಆತಂಕವಿಲ್ಲ. ಏರಲು ಎರಡೂವರೆ ತಾಸು, ಇಳಿಯಲು ಹೆಚ್ಚುಕಡಿಮೆ ಅಷ್ಟೇ ಇಟ್ಟುಕೊಳ್ಳಿ. ದಾರಿಗೆ ಕಲ್ಲು ಹಾಸಿದ್ದರಿಂದ ಇಳಿಯುವಾಗ ಮೊಣಕಾಲಿಗೆ ಕೆಲಸ; ಎರಡು ಊರುಗೋಲು ಒಯ್ಯಿರಿ. ಆದರೆ ಅಲ್ಲಿ ಹೆಬ್ಬಾತು ಸಿಗುವುದಿಲ್ಲ. ಅದು ಓಕ್, ಬುರಾಂಶ್ (ರೋಡೊಡೆಂಡ್ರಾನ್) ಮರಗಳ ನಡುವಿನ ಪುಟ್ಟ ಕೊಳ, ಮರಗಳ ಗಡಿ ದಾಟಿದ ನಿಜವಾದ ಆಲ್ಪೈನ್ ಸರೋವರವೂ ಅಲ್ಲ. ಹಕ್ಕಿಗಳು ಕಾಡಿನವು: ಹಳದಿ ಕೊಕ್ಕಿನ ನೀಲಿ ಮ್ಯಾಗ್‌ಪೈ, ಕರಿತಲೆ ಜೇ, ಮರಕುಟಿಕಗಳು. ಬೆಳಿಗ್ಗೆ ಮೋಡ ಕವಿಯುವ ಮುನ್ನ ತಲುಪಿದರೆ ಚೌಖಂಬಾ ಶಿಖರದ ಬಿಂಬ ನೀರಿನಲ್ಲಿ ಕಾಣುತ್ತದೆ. ತಂದೆಯವರಿಗೆ ಹಕ್ಕಿ ಮುಖ್ಯವೋ ಬೆಟ್ಟ ಮುಖ್ಯವೋ, ಮೊದಲು ಕೇಳಿ.

ಪ್ರಶ್ನೆ: ಈ ಹೆಬ್ಬಾತು ಎವರೆಸ್ಟ್ ಮೇಲಿಂದ ಹಾರುತ್ತದೆ ಎನ್ನುವುದು ನಿಜವೇ?
— ವಿದ್ಯಾರ್ಥಿ, ಗದಗ

ಉತ್ತರ: ಉಪಕರಣ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಎವರೆಸ್ಟ್ 8,849. ಹಕ್ಕಿಗಳು ಒಂದೇ ಎತ್ತರ ಕಾಯ್ದುಕೊಳ್ಳದೆ ಕಣಿವೆಗಿಳಿದು, ಮತ್ತೆ ಏರಿ, ನೆಲದ ಏರಿಳಿತ ಹಿಡಿದೇ ಸಾಗುತ್ತವೆ. ಎತ್ತರದ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಬಹಳ, ಇಳಿದು ಏರುವುದೇ ಅಗ್ಗ. ರಾತ್ರಿ ಮತ್ತು ಮುಂಜಾವಿನಲ್ಲಿ ದಾಟುವುದು ಹೆಚ್ಚು, ಏಕೆಂದರೆ ತಣ್ಣಗಿನ ಗಾಳಿ ದಟ್ಟ. ಇವುಗಳ ರಕ್ತದ ಹಿಮೋಗ್ಲೋಬಿನ್ ಉಳಿದ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ.

ಪ್ರಶ್ನೆ: ಫೋಟೊಕ್ಕೆ ಎಷ್ಟು ಹತ್ತಿರ ಹೋಗಬಹುದು? ಡ್ರೋನ್?
— ಓದುಗರು, ಬೆಟಗೇರಿ

ಉತ್ತರ: ಡ್ರೋನ್ ಬೇಡ. ಆಕಾಶದಿಂದ ಬರುವುದೆಲ್ಲ ಅವಕ್ಕೆ ಗಿಡುಗವೇ. ಅಂತರವನ್ನು ಮೀಟರಿನಲ್ಲಿ ಹೇಳುವುದಕ್ಕಿಂತ ಕತ್ತುಗಳನ್ನು ನೋಡಿ. ಹಿಂಡಿನಲ್ಲಿ ಒಂದೆರಡು ಕತ್ತು ಎತ್ತಿರುವುದು ಮಾಮೂಲು, ಅವು ಕಾವಲಿನವು. ಹತ್ತಾರು ಕತ್ತು ಒಟ್ಟಿಗೆ ನೆಟ್ಟಗಾದರೆ ನೀವು ಗಡಿ ದಾಟಿದ್ದೀರಿ. ಮೇಯುವುದು ನಿಂತು ನೀರಿನತ್ತ ನಡೆಯತೊಡಗಿದರೆ ಮುಂದಿನದು ಹಾರುವುದೇ. ಎರಡನೆಯ ಹಂತದಲ್ಲೇ ನಿಂತು, ಅಲ್ಲೇ ಕೂತು, ಹತ್ತು ನಿಮಿಷ ಅಲುಗದಿದ್ದರೆ ಕತ್ತುಗಳು ಮತ್ತೆ ಇಳಿಯುತ್ತವೆ. ಏರಿಯ ತುದಿಯಲ್ಲಿ ನಡೆದರೆ ಬಾನಿಗೆ ಎದುರಾಗಿ ನಿಮ್ಮ ಆಕಾರ ಮೈಲಿ ದೂರಕ್ಕೆ ಕಾಣುತ್ತದೆ, ಹೊರಗಿನ ಇಳಿಜಾರಿನಲ್ಲಿ ನಡೆಯಿರಿ. ಹಿಂಡನ್ನು ಎಬ್ಬಿಸಿ ತೆಗೆದ ಫೋಟೊ ಚೆಂದ ಕಾಣುತ್ತದೆ ಎಂಬ ಹುಚ್ಚು ಈಗ ಹೆಚ್ಚಾಗಿದೆ. ಮಾರ್ಚಿನ ಮರುಪಯಣಕ್ಕೆ ಕೊಬ್ಬು ಕೂಡಿಸುತ್ತಿರುವ ಹಕ್ಕಿಯನ್ನು ಸುಮ್ಮನೆ ಹಾರಿಸುವುದು ಅದರ ಗಂಟಿಗೆ ಕೈಹಾಕಿದಂತೆ.

ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ನಾಯಿಯನ್ನೂ ಬಿಡಬೇಡಿ. ಹಕ್ಕಿಜ್ವರ 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಇದೇ ಜಾತಿಯ ಹಕ್ಕಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂದಿತ್ತು. ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಅವ್ವನ ಜೊತೆ ಕಪ್ಪತಗುಡ್ಡ ಹತ್ತಿ ಹಕ್ಕಿ ನೋಡಬಹುದೇ?
— ಓದುಗರು, ಮುಂಡರಗಿ

ಉತ್ತರ: ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, 244 ಚದರ ಕಿ.ಮೀ.; ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಕೇಳಿ. ಕುರುಚಲು ಕಾಡು, ನೆರಳು ಕಡಿಮೆ, ಚಿರತೆ-ತೋಳಗಳ ನೆಲ. ಹಿರಿಯರಿದ್ದರೆ ಡೋಣಿ ಕಡೆಯ ರಸ್ತೆಯ ಅಂಚಿನಲ್ಲೇ ಬೆಳಗಿನ ಎರಡು ತಾಸು ಸಾಕು. ನವಿಲು, ಗೌಜಲಕ್ಕಿ, ಕಳ್ಳಿಪೀರಗಳಿಗೆ ಗುಡ್ಡ ಹತ್ತುವ ಅಗತ್ಯವಿಲ್ಲ.

ಪ್ರಶ್ನೆ: ಮಾಗಡಿಗೆ ಹೋಗುವ ಮುನ್ನ ಧಾರವಾಡದಲ್ಲೇ ಅಪ್ಪನಿಗೆ ರೂಢಿ ಮಾಡಿಸುವುದು ಎಲ್ಲಿ?
— ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಕೆಲಗೇರಿ ಕೆರೆ, ಸಾಧನಕೇರಿ; ಹುಬ್ಬಳ್ಳಿಯ ಕಡೆಗಾದರೆ ಉಣಕಲ್. ದಂಡೆಗೆ ಹತ್ತಿರ ವಾಹನ ಹೋಗುತ್ತದೆ, ಕೂರಲು ಜಾಗ ಸಿಗುತ್ತದೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಬೂದು ಬಕ, ಮೀಂಚುಳ್ಳಿ, ಈ ಐದನ್ನು ಕಾಗದದಲ್ಲಿ ಬರೆದುಕೊಟ್ಟು ಅವನ್ನಷ್ಟೇ ಹುಡುಕಲು ಹೇಳಿ. ನೀರುಕಾಗೆಯಿಂದ ಶುರು ಮಾಡುವುದು ಒಳ್ಳೆಯದು. ರೆಕ್ಕೆ ಚಾಚಿ ಒಣಗಿಸುತ್ತ ಬಹಳ ಹೊತ್ತು ಅಲುಗದೆ ಕೂರುತ್ತದೆ, ದುರ್ಬೀನಿನ ಗಾಲಿ ತಿರುಗಿಸಿ ಅಭ್ಯಾಸವಾಗಲು ಅಷ್ಟು ಸಮಯ ಬೇಕು. ಗುಳುಮುಳುಕವನ್ನು ಕೊನೆಗಿಡಿ. ದುರ್ಬೀನು ಕಣ್ಣಿಗೆ ಬರುವಷ್ಟರಲ್ಲಿ ಅದು ಮುಳುಗಿರುತ್ತದೆ, ಏಳುವುದು ಹತ್ತು ಹದಿನೈದು ಅಡಿ ಆಚೆ.